ಅಳಿಯಂದಿರ ವಶಕ್ಕೆ ಒಂದು ಕಟ್ಟು ಸೆಲರಿ

ಆ ದಿನದ ಅಷ್ಟೂ ರಾದ್ಧಾಂತಕ್ಕೆ ಕಾರಣ ಅತ್ತೆಯವರ ಒಂದು ದವಡೆಹಲ್ಲು. ಅದು ಬೆಳಗಾಗುವ ಹೊತ್ತಿಗೆ ಅವರ ಎಡಗೆನ್ನೆಯನ್ನು ಬನ್ನಿನಂತೆ ಊದಿಸಿಬಿಟ್ಟಿತ್ತು. ಹಲ್ಲಿನ ಡಾಕ್ಟರಿಗೆ ಫೋನು ಮಾಡಿದರೆ, ಈಗಲೇ ಬಂದು ಕೂತುಕೊಳ್ಳಿ, ಸರದಿ ಬಂದಾಗ ನೋಡೋಣ, ಸಂಜೆಯಾದರೂ ಆದೀತು ಎಂದರು. ಜೊತೆಗೆ ಮಗಳು ಹೊರಟಳು. ಇಬ್ಬರು ಹೆಂಗಸರೂ ದಿನವಿಡೀ ಮನೆಯಲ್ಲಿರುವುದಿಲ್ಲ ಎಂದು ಖಚಿತವಾದ ಕೂಡಲೇ ಎದ್ದ ಪ್ರಶ್ನೆ ಒಂದೇ. ಸೆಲರಿಯ ಗತಿಯೇನು?

ಸೆಲರಿ ಆ ಮನೆಗೆ ಕಾಲಿಟ್ಟದ್ದು ಮಾವನವರ ರಕ್ತದೊತ್ತಡದ ಬೆನ್ನು ಹಿಡಿದು. ಉಪ್ಪು ಕಡಿಮೆ ಮಾಡಿ, ಕರಿದದ್ದು ಬಿಡಿ, ತರಕಾರಿ ಹೆಚ್ಚು ತಿನ್ನಿ ಎಂದು ಡಾಕ್ಟರು ಒಂದೇ ಉಸಿರಿನಲ್ಲಿ ಹತ್ತಾರು ತರಕಾರಿಗಳ ಹೆಸರು ಹೇಳಿದ್ದರು. ಅತ್ತೆಯವರ ತಲೆಯಲ್ಲಿ ಉಳಿದದ್ದು ಕೊನೆಯದು. ಅಂದಿನಿಂದ ಮಾವನವರಿಗೆ ಬೆಳಿಗ್ಗೆ ಹಸಿ ಸೆಲರಿ ದಂಟು, ಸಂಜೆ ಉಪ್ಪಿಲ್ಲದ ಸೆಲರಿ ಸೂಪು. ಕೊತ್ತಂಬರಿ ಸೊಪ್ಪಿಗೆ ಯಾರೋ ಗರಡಿಮನೆಯಲ್ಲಿ ಸಾಮು ಮಾಡಿಸಿ ಬೆಳೆಸಿದಂತಿದ್ದ ಆ ತರಕಾರಿ ಮೂಲೆಯಂಗಡಿಗೆ ವಾರಕ್ಕೊಂದೇ ಸಲ ಬರುತ್ತಿತ್ತು. ಅದು ಕೆಟ್ಟುಹೋದರೆ ಮುಂದಿನ ವಾರದ ತನಕ ಸೆಲರಿಯೇ ಇಲ್ಲ. ಹಾಗಾಗಿ ಅತ್ತೆಯವರು ಅದನ್ನು ಎಳೆಗೂಸಿನಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಫ್ರಿಜ್ಜಿನ ತಳದ ತರಕಾರಿ ಡಬ್ಬಿಯಲ್ಲಿ ಮಲಗಿಸುತ್ತಿದ್ದರು. ದಿನಕ್ಕೆರಡು ಸಲ ಬಟ್ಟೆ ಮುಟ್ಟಿ ನೋಡುವುದು, ಒಣಗಿದ್ದರೆ ನೀರು ಚಿಮುಕಿಸುವುದು, ಇದೆಲ್ಲ ಅವರೊಬ್ಬರದೇ ಕೆಲಸ. ಬೇರೆಯವರು ಆ ಡಬ್ಬಿಗೆ ಕೈ ಹಾಕುವಂತಿರಲಿಲ್ಲ.

ಅದರಲ್ಲೂ ಅಳಿಯ ಕೈ ಹಾಕುವಂತೆ ಇರಲೇ ಇಲ್ಲ.

ಅಳಿಯ ಗಡಿಯಾರ ರಿಪೇರಿ ಮಾಡುವವನು. ಮದುವೆಯಾದಾಗಿನಿಂದ ಮಾವನ ಮನೆಯಲ್ಲೇ ವಾಸವಾದ್ದರಿಂದ ಕಟ್ಟಡದವರೆಲ್ಲ ಅವನನ್ನು ಅಳಿಯಂದ್ರು ಎಂದೇ ಕರೆದು, ಅವನಿಗೊಂದು ಹೆಸರಿತ್ತು ಎನ್ನುವುದೇ ಮರೆತುಹೋಗಿತ್ತು. ಅಂಗಡಿಯಲ್ಲಿ ಅವನ ಕೈ ಬಂಗಾರ. ಸಾಸಿವೆ ಕಾಳು ನಾಚುವಷ್ಟು ಸಣ್ಣ ಸ್ಕ್ರೂವನ್ನು ಉಸಿರು ಬಿಗಿಹಿಡಿದು ಅದರ ಜಾಗದಲ್ಲಿ ಕೂರಿಸುತ್ತಿದ್ದ. ಅದೇ ಕೈ ಅಡುಗೆಮನೆಯ ಹೊಸಿಲು ದಾಟಿತೋ, ಬೇರೆ ಯಾರದ್ದೋ ಕೈಯಾಗಿಬಿಡುತ್ತಿತ್ತು. ಮುಚ್ಚಳ ಹಾಕದೆ ಮಿಕ್ಸಿ ತಿರುಗಿಸಿದ ದಿನದ ಟೊಮ್ಯಾಟೊ ಇನ್ನೂ ಚಾವಣಿಯಲ್ಲಿತ್ತು. ಹಾಲು ಉಕ್ಕದಂತೆ ನೋಡಿಕೋ ಎಂದರೆ ಉಕ್ಕುವುದನ್ನು ಕೊನೆಯ ತನಕ ಚೆನ್ನಾಗಿ ನೋಡುತ್ತಿದ್ದ.

ಅಂದು ಅವನ ಅಂಗಡಿಗೆ ವಾರದ ರಜೆ. ಆದರೂ ಅತ್ತೆಯವರು ಎದುರುಮನೆಯ ಅಕ್ಕನನ್ನು ಕರೆದು ಹೇಳಿಹೋಗುತ್ತೇನೆ ಎಂದು ಕೆನ್ನೆ ಹಿಡಿದುಕೊಂಡು ಹೊರಟಿದ್ದರು. ಆಗ ಜಗಲಿಯಲ್ಲಿ ಪತ್ರಿಕೆಯ ಹಿಂದಿನಿಂದ ಮಾವನವರ ದನಿ ಬಂತು.

"ಅವರಿಗ್ಯಾಕೆ ತೊಂದರೆ ಕೊಡ್ತೀಯ? ನಮ್ಮ ಅಳಿಯಂದ್ರು ಇದಾರಲ್ಲ. ಅವರು ನೋಡ್ಕೋತಾರೆ."

ಮಾವನವರು ದೊಡ್ಡ ಗೋದಾಮೊಂದರ ಮೇಲ್ವಿಚಾರಕರಾಗಿ ನಿವೃತ್ತರಾದವರು, ಮಾತು ಕಡಿಮೆ. ಅಳಿಯನ ಜೊತೆಗಂತೂ ಇಷ್ಟು ವರ್ಷಗಳಲ್ಲಿ ಅವರು ಆಡಿದ ಮಾತೆಂದರೆ 'ಬಾಗಿಲು ಎಳ್ಕೊಳ್ಳಿ', 'ಫ್ಯಾನು ಆರಿಸಿ' ಇವೆರಡೇ ಎನ್ನಬಹುದು. ಅಂಥವರ ಬಾಯಲ್ಲಿ 'ನಮ್ಮ ಅಳಿಯಂದ್ರು' ಎಂಬ ಮಾತು. ಅಳಿಯ ಕೂತಲ್ಲಿಂದ ಎದ್ದು ನಿಂತ. ತಲೆ ಹೋದರೂ ಸರಿ, ಈ ಸೆಲರಿಯ ಒಂದು ಎಲೆಯೂ ಕೊಂಕದಂತೆ ನೋಡಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದ.

ಅತ್ತೆಯವರಿಗೆ ಮನಸ್ಸಿರಲಿಲ್ಲ. ಆದರೆ ಗಂಡ ಬಾಯಿಬಿಟ್ಟು ಒಂದು ಮಾತು ಹೇಳುವುದೇ ಅಪರೂಪ. ಹೇಳಿದಾಗ ತೆಗೆದುಹಾಕುವುದು ಹೇಗೆ? ಊದಿದ ಕೆನ್ನೆಯ ಸಂದಿನಿಂದ ಏನೇನೋ ಅಪ್ಪಣೆ ಕೊಡಿಸಿದರು, ಮಗಳು ಅದನ್ನು ತಿಳಿಯುವ ಭಾಷೆಗೆ ತಂದಳು. ಸಂಜೆಯ ತನಕ ಬಟ್ಟೆ ಬಿಚ್ಚಬಾರದು. ಸೂಪಿಗೆ ಬೇಕಾದಷ್ಟು ದಂಟು ಮಾತ್ರ ಹೊರಗಿನಿಂದ ಬಿಡಿಸಿಕೊಳ್ಳಬೇಕು. ಬುಡದಲ್ಲಿ ಮಣ್ಣು ಅಡಗಿ ಕೂತಿರುತ್ತದೆ, ಒಂದೊಂದೇ ದಂಟನ್ನು ಹರಿಯುವ ನೀರಿನಲ್ಲಿ ಉಜ್ಜಬೇಕು. ಬೆನ್ನಿನ ಮೇಲಿನ ನಾರು ಎಳೆದು ತೆಗೆಯಬೇಕು. ತೆಳ್ಳಗೆ ಅಡ್ಡಡ್ಡ ಹೆಚ್ಚಬೇಕು, ಇಲ್ಲದಿದ್ದರೆ ನಾರು ಮಿಕ್ಸಿಯ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಮಿಕ್ಸಿ ಎಂದಾಗ ತಾಯಿ ಮಗಳಿಬ್ಬರೂ ಒಮ್ಮೆ ಚಾವಣಿಯತ್ತ ನೋಡಿದರು.

ಅವರು ಹೋದ ಮೇಲೆ ಅಳಿಯ ಒಂದು ಸ್ಟೂಲು ತಂದು ಫ್ರಿಜ್ಜಿನ ಎದುರಿಗೆ ಹಾಕಿಕೊಂಡು ಬ್ಯಾಂಕಿನ ಕಾವಲುಗಾರನಂತೆ ಕೂತ. ಮುಟ್ಟದಿದ್ದರೆ ಕೆಡುವುದಾದರೂ ಹೇಗೆ? ಸಂಜೆಯವರೆಗೂ ಹೀಗೇ ಕೂತಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೊದಲು ಬಂದವರು ಮಹಡಿಯ ಮೇಲಿನ ಹೆಡ್‌ಮೇಷ್ಟ್ರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಇಡೀ ಕಟ್ಟಡವನ್ನು ತಮ್ಮ ಶಾಲೆಯೆಂದೇ ತಿಳಿದಿದ್ದವರು. ಬಂದವರೇ, ನಿಮ್ಮ ಮಾವ ಹೇಳಿದರಪ್ಪ, ಅಳಿಯಂದ್ರಿಗೆ ಮೊದಲನೇ ಸಲ ಜವಾಬ್ದಾರಿ ಕೊಟ್ಟಿದ್ದೇನೆ, ಸ್ವಲ್ಪ ಒಳಗೆ ಹೋಗಿ ಮಾರ್ಗದರ್ಶನ ಮಾಡಿ ಅಂತ, ಎಂದರು. ಮಾವನವರಿಗೆ ತನ್ನ ಮೇಲೆ ಇಷ್ಟೊಂದು ಕಾಳಜಿಯೇ ಎಂದು ಅಳಿಯ ಇನ್ನಷ್ಟು ಕರಗಿದ.

ಮೇಷ್ಟ್ರು ಫ್ರಿಜ್ಜು ತೆರೆಸಿ, ಒದ್ದೆ ಬಟ್ಟೆಯ ಗಂಟು ನೋಡಿ, ತಪ್ಪು ಲೆಕ್ಕ ಕಂಡವರಂತೆ ನಾಲಿಗೆ ಲೊಚಗುಟ್ಟಿದರು.

"ಎಲೆ ಅಂದ ಮೇಲೆ ಅದಕ್ಕೆ ಏನು ಬೇಕು? ಗಾಳಿ ಬೇಕು, ಬೆಳಕು ಬೇಕು. ನೀವು ನೋಡಿದರೆ ಕತ್ತಲ ಕೋಣೇಲಿ ಬಾಯಿಗೆ ಬಟ್ಟೆ ತುರುಕಿ ಇಟ್ಟಿದೀರಿ. ಶಾಲೇಲಿ ಓದಿದ್ದೆಲ್ಲ ಎಲ್ಲಿ ಹೋಯ್ತು?"

ಅತ್ತೆಯವರು ಬಿಚ್ಚಬೇಡಿ ಎಂದಿದ್ದಾರೆ ಎಂದು ಹೇಳಲು ಅಳಿಯ ಬಾಯಿ ತೆರೆದ. ಆದರೆ ಹೆಡ್‌ಮೇಷ್ಟ್ರ ಎದುರು ಬಾಯಿ ತೆರೆದರೆ 'ಹೌದು ಸಾರ್' ಎನ್ನುವುದೊಂದೇ ಹೊರಗೆ ಬರುವುದು ಅವನ ಹುಟ್ಟುಗುಣ. ಮೇಷ್ಟ್ರು ತಾವೇ ಕಟ್ಟನ್ನು ಬಿಚ್ಚಿ, ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಮಲಗಿಸಿ, ಸಂಜೆ ತಮ್ಮ ಹಳೆಯ ಶಾಲೆಯಲ್ಲಿ ಸಮಾರಂಭವಿದೆ, ಭಾಷಣ ಬರೆಯಬೇಕು ಎಂದು ಮೇಲಕ್ಕೆ ಹೋದರು.

ಬಿಸಿಲು ಚುರುಕಾಗಿತ್ತು. ಮೊದಲು ಎಲೆಗಳು ಮೆತ್ತಗಾದವು. ಆಮೇಲೆ ದಂಟುಗಳು ಒಂದೊಂದಾಗಿ ಬಾಗಿ, ಸಾಲ ಕೊಟ್ಟವನನ್ನು ದೂರದಲ್ಲಿ ಕಂಡವರಂತೆ ಮುಖ ತಗ್ಗಿಸಿದವು. ಅಳಿಯ ಕಟ್ಟನ್ನು ಎತ್ತಿ ನೆಟ್ಟಗೆ ಹಿಡಿದರೆ ಅದು ಕೈಯ ಎರಡೂ ಕಡೆಗೆ ಜೋತುಬಿತ್ತು.

ಅದೇ ಹೊತ್ತಿಗೆ ಎದುರುಮನೆಯ ಅಕ್ಕ ಒಳಗೆ ಬಂದರು. ಇವರನ್ನೂ ಕಳಿಸಿದ್ದು ಮಾವನವರೇ. ಈ ಅಕ್ಕನ ಮನೆಯಲ್ಲಿ ಅಡುಗೆ ಮಾಡುವುದು ಅವರ ಯಜಮಾನರು. ಇಡೀ ಕಟ್ಟಡಕ್ಕೆ ಅಡುಗೆಯ ಸಲಹೆ ಕೊಡುವುದು ಅಕ್ಕ. ಜೋತುಬಿದ್ದ ಸೆಲರಿಯನ್ನು ನೋಡಿ ಅವರಿಗೆ ಸ್ವಲ್ಪವೂ ಗಾಬರಿಯಾಗಲಿಲ್ಲ.

"ಬಿಸಿಲು ಬಡಿದಿದೆ ಅಷ್ಟೇ. ಬಿಸಿಗೆ ಮದ್ದು ಯಾವುದು? ತಂಪು. ಮೇಲ್ಗಡೆ ಮಂಜು ಕಟ್ಟೋ ಪೆಟ್ಟಿಗೆ ಸುಮ್ನೆ ಇದೆಯಾ? ಅದರಲ್ಲಿ ತುರುಕಿ. ಕಡ್ಡಿ ಹಾಗೆ ನೆಟ್ಟಗೆ ನಿಲ್ಲದೇ ಇದ್ರೆ ನನ್ನ ಕೇಳಿ."

ಗಡಿಯಾರದ ಕೆಲಸದಲ್ಲಿ ಅಳಿಯ ಒಂದು ಪಾಠ ಕಲಿತಿದ್ದ. ಎಲ್ಲ ಸ್ಕ್ರೂಗಳನ್ನೂ ಒಟ್ಟಿಗೆ ಬಿಚ್ಚಬಾರದು. ಹಾಗಾಗಿ ಹೊರಗಿನ ದಂಟುಗಳನ್ನು ಮಾತ್ರ ಬಿಡಿಸಿ ಫ್ರೀಜರಿನಲ್ಲಿಟ್ಟ. ಎಲೆಗಳಿರುವ ಒಳಗಿನ ಕಟ್ಟನ್ನು ಹಾಗೇ ಉಳಿಸಿಕೊಂಡ. ಊಟ ಮುಗಿಸಿ ಬಂದು ತೆಗೆದು ನೋಡಿದರೆ ಅಕ್ಕ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ದಂಟುಗಳು ನೆಟ್ಟಗೆ, ಗಟ್ಟಿಯಾಗಿ, ಮೇಜಿನ ಮೇಲೆ ಬಡಿದರೆ ಟಣ್ ಎನ್ನುತ್ತಿದ್ದವು. ಅವನು ಸಮಾಧಾನದ ನಿಟ್ಟುಸಿರು ಬಿಟ್ಟು ಕೈಕಾಲು ತೊಳೆದು ಬರುವಷ್ಟರಲ್ಲಿ ಮಂಜು ಕರಗಿ, ಮೇಜಿನ ತುಂಬ ನೀರು ಹರಿದು, ದಂಟುಗಳು ಮಳೆಯಲ್ಲಿ ನೆನೆದ ಬೂಟಿನ ಲೇಸಿನಂತೆ ಬಿದ್ದುಕೊಂಡಿದ್ದವು. ಒಂದನ್ನು ಬೆರಳಿಗೆ ಸುತ್ತಿ ನೋಡಿದ, ಸುತ್ತಿಕೊಂಡಿತು.

ಅವನು ಹೆಂಡತಿಗೆ ಫೋನು ಮಾಡಿದ. ಹಲ್ಲಿನ ಆಸ್ಪತ್ರೆಯಲ್ಲಿ ಅವರ ಸರದಿ ಇನ್ನೂ ಬಂದಿರಲಿಲ್ಲ. ಹಿಂದೆ ಕೊರೆಯುವ ಯಂತ್ರದ ಸದ್ದು, ಯಾರದೋ ನರಳಾಟ. ಅಳಿಯ ನಡೆದದ್ದನ್ನೆಲ್ಲ ಒಪ್ಪಿಸಿದ. ಹೆಂಡತಿ ತಾಯಿಯಿಂದ ದೂರ ಹೋಗಿ ಪಿಸುಗುಟ್ಟಿದಳು.

"ನೀವು ಗಾಬರಿ ಆಗ್ಬೇಡಿ. ಮಂಜು ಹಿಡಿದಿದ್ದು ಹೇಗೂ ಮೆತ್ತಗಾಗಿದೆ, ಅದನ್ನೇ ಸೂಪಿಗೆ ಹಾಕಿ. ಬೆಂದ ಮೇಲೆ ಯಾರಿಗೆ ಗೊತ್ತಾಗತ್ತೆ? ಬಾಡಿರೋ ಕಟ್ಟಿನ ಬುಡ ಒಂಚೂರು ಕೊಯ್ದು ಐಸು ನೀರಲ್ಲಿ ನಿಲ್ಸಿ. ನೀರು ಕುಡಿದು ತಾನೇ ಎದ್ದು ನಿಲ್ಲತ್ತೆ."

"ಅತ್ತೆಗೆ?"

"ನಾನೇನು ಹೇಳಲ್ಲ ರೀ. ಆದ್ರೆ ಇನ್ಯಾರ ಮಾತೂ ಕೇಳಬೇಡಿ."

ಅಳಿಯನಿಗೆ ಹೋದ ಜೀವ ಬಂದ ಹಾಗಾಯಿತು. ಉದ್ದನೆಯ ಸ್ಟೀಲು ಜಗ್ಗಿಗೆ ನೀರು ತುಂಬಿ, ಐಸು ಹಾಕಿ, ಬುಡ ಕೊಯ್ದ ಸೆಲರಿಯನ್ನು ಅದರಲ್ಲಿ ನಿಲ್ಲಿಸಿದ. ಅಡುಗೆಮನೆಯಲ್ಲಿ ಒಲೆ ಹಚ್ಚಬೇಕು, ಸೆಕೆ. ಮನೆಯಲ್ಲಿ ತಂಪಾದ ಜಾಗವೆಂದರೆ ಜಗಲಿಯ ಮೂಲೆ. ಅಲ್ಲಿ ಮಾವನವರು ಕುರ್ಚಿಯಲ್ಲಿ ಕೂತು ಪತ್ರಿಕೆಯನ್ನು ಎರಡನೇ ಸಲ ಓದುತ್ತಿದ್ದರು. ಜಗ್ಗನ್ನು ಅವರ ಪಕ್ಕದಲ್ಲಿಟ್ಟು, ಸ್ವಲ್ಪ ನೋಡ್ತಾ ಇರಿ ಮಾವ ಎಂದ. ಮಾವನವರು ಜಗ್ಗನ್ನೂ ಅಳಿಯನನ್ನೂ ಒಮ್ಮೆ ನೋಡಿ 'ಹೂಂ' ಎಂದರು.

ಇನ್ನು ಸೂಪು. ಬೂಟಿನ ಲೇಸುಗಳನ್ನು ಒಂದೊಂದಾಗಿ ತೊಳೆದ. ಬುಡದ ಮಡಿಕೆಯಲ್ಲಿ ಅತ್ತೆ ಹೇಳಿದ ಹಾಗೆಯೇ ಮಣ್ಣಿತ್ತು, ಬೆರಳಾಡಿಸಿ ಉಜ್ಜಿದ. ನಾರು ತೆಗೆಯುವುದು ಮಾತ್ರ ಚಾಕುವಿನಿಂದ ಆಗಲಿಲ್ಲ. ಚಾಕು ಹಿಡಿದರೆ ದಂಟು ಜಾರುತ್ತಿತ್ತು, ದಂಟು ಹಿಡಿದರೆ ಚಾಕು ಜಾರುತ್ತಿತ್ತು. ಕೊನೆಗೆ ಅವನಿಗೆ ಹೊಳೆಯಿತು. ಒಳಗೆ ಹೋಗಿ ತನ್ನ ಕೆಲಸದ ಪೆಟ್ಟಿಗೆಯಿಂದ ಸಣ್ಣ ಚಿಮುಟ ತಂದ, ಕಣ್ಣಿಗೆ ಕಟ್ಟಿಕೊಳ್ಳುವ ಭೂತಗನ್ನಡಿ ತಂದ. ಚಿಮುಟದಿಂದ ನಾರಿನ ತುದಿ ಹಿಡಿದು ಮೆಲ್ಲಗೆ ಎಳೆದರೆ, ಗಡಿಯಾರದ ಸ್ಪ್ರಿಂಗು ಬಿಚ್ಚಿದಂತೆ ಉದ್ದಕ್ಕೂ ಎದ್ದು ಬಂತು. ಅವನಿಗೆ ಅಡುಗೆಮನೆಯಲ್ಲಿ ಮೊದಲ ಬಾರಿಗೆ ತನ್ನ ಸ್ವಂತ ಕೈಗಳು ಸಿಕ್ಕವು. ಒಂದು ನಾರೂ ಉಳಿಯದಂತೆ ಎಳೆದ. ತೆಳ್ಳಗೆ ಅಡ್ಡಡ್ಡ ಹೆಚ್ಚಿದ. ಬೇಯಿಸಿದ. ಮಿಕ್ಸಿಗೆ ಹಾಕಿ, ಮುಚ್ಚಳ ಬಿಗಿದು, ಮುಚ್ಚಳದ ಮೇಲೆ ಎರಡೂ ಕೈಯಿಟ್ಟು, ಸ್ವಿಚ್ಚನ್ನು ಮೊಣಕೈಯಿಂದ ಒತ್ತಿದ. ಚಾವಣಿಗೆ ಏನೂ ಆಗಲಿಲ್ಲ. ಪಾತ್ರೆಯಲ್ಲಿ ನುಣ್ಣನೆಯ ಹಸಿರು ಸೂಪು.

ಗೆದ್ದ ಸಂತೋಷದಲ್ಲಿ ಸೆಲರಿ ಎದ್ದು ನಿಂತಿದೆಯೋ ನೋಡೋಣವೆಂದು ಜಗಲಿಗೆ ಬಂದ. ಜಗ್ಗು ಇತ್ತು. ನೀರಿತ್ತು. ಐಸಿನ ಒಂದೆರಡು ಚೂರು ತೇಲುತ್ತಿದ್ದವು. ಸೆಲರಿ ಇರಲಿಲ್ಲ. ಮಾವನವರು ಮುಖದ ಮೇಲೆ ಪತ್ರಿಕೆ ಹೊದ್ದು ಗೊರಕೆ ಹೊಡೆಯುತ್ತಿದ್ದರು.

ಪಾಪ, ವಯಸ್ಸಾದವರು, ಕಣ್ಣು ಹತ್ತಿದೆ ಎಂದುಕೊಂಡ. ಆದರೆ ಒಂದು ಕಟ್ಟು ಸೆಲರಿಯನ್ನು ಯಾವ ಕಳ್ಳ ಕದಿಯುತ್ತಾನೆ? ಜಗಲಿಯ ಮೆಟ್ಟಿಲಿನ ಮೇಲೆ ನೀರಿನ ಹನಿಗಳು ಬಿದ್ದಿದ್ದವು. ಹನಿಗಳು ಬೀದಿಗಿಳಿದಿದ್ದವು. ಅವನು ಅವುಗಳ ಹಿಂದೆ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಎದುರುಮನೆಯ ಕಿಟಕಿಯಿಂದ ಅಕ್ಕ, ಯಾರನ್ನು ಹುಡುಕ್ತಿದೀರಿ ಎಂದು ಕೇಳಿದರು. ಇವನು ಹೇಳಿದ. ಅಕ್ಕ ಸ್ವಲ್ಪ ಯೋಚಿಸಿ, ಈಗ ತಾನೇ ಮೇಷ್ಟ್ರು ಹೂಗುಚ್ಛ ಹಿಡಿದುಕೊಂಡು ಶಾಲೆಯ ಕಡೆ ಹೋದರು, ಅವರ ಕಾಲದ ಸಂಗೀತದ ಟೀಚರಿಗೆ ಇವತ್ತು ಬೀಳ್ಕೊಡುಗೆಯಂತೆ, ಹೂಗುಚ್ಛ ಯಾಕೋ ಬರೀ ಹಸಿರು ಇತ್ತಪ್ಪ, ನಾನು ಈಗಿನ ಫ್ಯಾಷನ್ನು ಇರಬಹುದು ಅಂದುಕೊಂಡೆ, ಎಂದರು.

ಅಳಿಯ ಓಡಿದ. ಮೇಷ್ಟ್ರ ಕಣ್ಣು ಮಂಜಾಗಿರುವುದು ಎಲ್ಲರಿಗೂ ಗೊತ್ತಿದ್ದದ್ದೇ, ಆದರೆ ಇಷ್ಟು ಮಂಜೆಂದು ಗೊತ್ತಿರಲಿಲ್ಲ. ಹೆಂಡತಿಯ ಅಡುಗೆಯ ಏಪ್ರನ್ನು ಸೊಂಟದಲ್ಲಿ, ಭೂತಗನ್ನಡಿ ಹಣೆಯ ಮೇಲೆ, ಚಿಮುಟ ಕೈಯಲ್ಲಿ. ದಾರಿಯಲ್ಲಿ ಸಿಕ್ಕವರು ಯಾರಿಗೋ ತುರ್ತು ಆಪರೇಷನ್ ಎಂದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಶಾಲೆಯ ಸಭಾಂಗಣ ತುಂಬಿತ್ತು. ಅವನು ಬಾಗಿಲಲ್ಲಿ ಕಾಣಿಸಿಕೊಂಡಾಗ ವೇದಿಕೆಯ ಮೇಲೆ ಮೇಷ್ಟ್ರು ಸಂಗೀತದ ಟೀಚರಿಗೆ ಬಣ್ಣದ ಕಾಗದ ಸುತ್ತಿದ ಕಟ್ಟನ್ನು ಒಪ್ಪಿಸುತ್ತಿದ್ದರು. ಚಪ್ಪಾಳೆ. ಟೀಚರು ಅದನ್ನು ಎದೆಗೊತ್ತಿಕೊಂಡು, ಕೈಮುಗಿಯಲಾಗದೆ ತಲೆ ಬಾಗಿಸಿ, ಕೂತುಕೊಂಡರು. ಕಾಗದದ ಮೇಲ್ಗಡೆ ಸೆಲರಿಯ ಎಲೆಗಳು ಇಣುಕುತ್ತಿದ್ದವು. ದೂರದಿಂದಲೂ ಅಳಿಯನಿಗೆ ಕಂಡದ್ದು ಒಂದು ಸಮಾಧಾನದ ಸಂಗತಿ, ಎಲೆಗಳು ನೆಟ್ಟಗಾಗಿದ್ದವು.

ಹೇಗೆ ಹತ್ತಿರ ಹೋಗುವುದು ಎಂದು ಯೋಚಿಸುತ್ತಿರುವಾಗಲೇ ಯಾರೋ ಅವನ ತೋಳು ಹಿಡಿದರು. ಅವನ ಹಣೆಯ ಗಾಜು, ಕೈಯ ಚಿಮುಟ ನೋಡಿ, ಅಂತೂ ಬಂದ್ರಲ್ಲ, ಮೈಕು ಆಗಿನಿಂದ ಕರಕರ ಅಂತಿದೆ, ಬೇಗ ನೋಡಿ ಎಂದು ದರದರ ಎಳೆದುಕೊಂಡು ಹೋಗಿ ವೇದಿಕೆ ಹತ್ತಿಸಿಬಿಟ್ಟರು. ಅವನು ಅಲ್ಲ ಎನ್ನಲಿಲ್ಲ. ಮೈಕು ಟೀಚರ ಕುರ್ಚಿಯ ಪಕ್ಕದಲ್ಲೇ ಇತ್ತು. ಬಗ್ಗಿ ನೋಡಿದರೆ ಒಂದು ಸ್ಕ್ರೂ ಸಡಿಲವಾಗಿತ್ತು. ಕೈ ಸುಮ್ಮನಿರಲಾರದೆ ಚಿಮುಟದ ತುದಿಯಿಂದ ಅದನ್ನು ಬಿಗಿದೇಬಿಟ್ಟಿತು. ಕರಕರ ನಿಂತಿತು. ಈಗ ಇದೇ ಸಮಯವೆಂದು ಅವನು ಟೀಚರ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ.

"ಟೀಚರೇ, ಕ್ಷಮಿಸಿ. ನಿಮ್ಮ ಕೈಲಿರೋದು ಹೂವಲ್ಲ, ಸೆಲರಿ. ನಮ್ಮ ಮಾವನವರು ವಾರವೆಲ್ಲ ಅದನ್ನೇ ತಿನ್ಬೇಕು. ವಾಪಸು ಕೊಡದೇ ಇದ್ರೆ ನಮ್ಮ ಅತ್ತೆ ನನ್ನನ್ನ ಮನೆಗೆ ಸೇರಿಸಲ್ಲ."

ರಿಪೇರಿಯಾದ ಮೈಕು ಒಂದಕ್ಷರವನ್ನೂ ಬಿಡದೆ ಇಡೀ ಸಭೆಗೆ ತಲುಪಿಸಿತು.

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು, ಆಮೇಲೆ ಕಟ್ಟೆ ಒಡೆಯಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಟೀಚರು. ಆಗಿನಿಂದ ಈ ವಾಸನೆ ಎಲ್ಲೋ ಆಸ್ಪತ್ರೆಯ ಪಥ್ಯದ ಸೂಪಿನಲ್ಲಿ ಮೂಗಿಗೆ ಬಡಿದ ಹಾಗಿದೆಯಲ್ಲ ಅಂದುಕೊಂಡೆ, ನನ್ನ ಆರೋಗ್ಯ ನೋಡಿ ಕೊಟ್ಟಿದ್ದಾರೋ ಏನೋ ಅಂತ ಭಯವಾಗಿತ್ತು, ಎಂದು ಕಟ್ಟನ್ನು ಅವನ ಕೈಗಿಟ್ಟರು. ಮೇಷ್ಟ್ರು ಕೆಂಪಾಗಿ ಎದ್ದು, "ಅಳಿಯಂದ್ರೇ, ಇದು ನಾನಾಗಿ ತಗೊಂಡಿದ್ದಲ್ಲ, ನಿಮ್ಮ..." ಎಂದು ಶುರುಮಾಡಿದರು. ಕೇಳಲು ಅಳಿಯ ಅಲ್ಲಿರಲಿಲ್ಲ.

ಮನೆ ಮುಟ್ಟಿದವನೇ ಕಾಗದ ಬಿಚ್ಚಿ ಸೆಲರಿಯನ್ನು ಮತ್ತೆ ಐಸು ನೀರಿಗಿಳಿಸಿದ. ಈ ಸಲ ಜಗ್ಗನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಕೂತ. ಯಾರು ಬಾಗಿಲು ತಟ್ಟಿದರೂ ತೆರೆಯಲಿಲ್ಲ. ಪುಣ್ಯಕ್ಕೆ ದಂಟುಗಳು ಬಾಯಾರಿದವರಂತೆ ನೀರು ಹೀರಿ ಒಂದೊಂದಾಗಿ ಬೆನ್ನು ನೆಟ್ಟಗೆ ಮಾಡಿದವು. ಉಗುರಿನಿಂದ ತಟ್ಟಿದರೆ ಗಟ್ಟಿ ಸದ್ದು. ನೀರು ಕೊಡವಿ, ಒದ್ದೆ ಬಟ್ಟೆಯಲ್ಲಿ ಅತ್ತೆ ಸುತ್ತಿದ್ದ ಹಾಗೆಯೇ ಸುತ್ತಿ, ತಳದ ಡಬ್ಬಿಯಲ್ಲಿ ಮಲಗಿಸಿ, ಫ್ರಿಜ್ಜಿನ ಬಾಗಿಲು ಹಾಕುವುದಕ್ಕೂ ಹೊರಗೆ ಗೇಟಿನ ಸದ್ದಾಗುವುದಕ್ಕೂ ಸರಿಹೋಯಿತು.

ಅತ್ತೆಯವರ ಬಾಯಲ್ಲಿ ಹಲ್ಲಿನ ಬದಲು ಹತ್ತಿಯಿತ್ತು. ಮಾತಾಡುವಂತಿರಲಿಲ್ಲ. ಚಪ್ಪಲಿ ಬಿಟ್ಟವರೇ ನೆಟ್ಟಗೆ ಅಡುಗೆಮನೆಗೆ ನಡೆದರು. ಮೊದಲು ಚಾವಣಿ ನೋಡಿದರು. ಆಮೇಲೆ ಫ್ರಿಜ್ಜು ತೆರೆದು, ಗಂಟು ಬಿಚ್ಚಿ, ಒಂದು ದಂಟನ್ನು ಹಿಡಿದು ಮುರಿದರು. ಟಕ್ ಎಂದು ಮುರಿಯಿತು, ನೀರಿನ ಒಂದು ಹನಿ ಅವರ ಕೈ ಮೇಲೆ ಸಿಡಿಯಿತು. ಅತ್ತೆಯವರು ಅಳಿಯನನ್ನು ನೋಡಿದರು. ಸೂಪಿನ ಮುಚ್ಚಳ ತೆಗೆದು ಸೌಟಿನಲ್ಲಿ ಎತ್ತಿ ಸುರಿದು ನೋಡಿದರು, ಒಂದು ನಾರಿಲ್ಲ. ಮತ್ತೆ ಅಳಿಯನನ್ನು ನೋಡಿದರು. ಈ ಸಲ ಹತ್ತಿಯ ನಡುವೆಯೂ ಮುಖದಲ್ಲಿ ಏನೋ ಅರಳಿತು. ಹತ್ತಿರ ಬಂದು ಅವನ ಭುಜ ತಟ್ಟಿದರು. ಹೆಂಡತಿ ತಾಯಿಯ ಬೆನ್ನ ಹಿಂದೆ ನಿಂತು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಬೆಳಗಿನಿಂದ ಕುತ್ತಿಗೆಗೆ ಬಂದಿದ್ದ ಜೀವ ಅಳಿಯನಿಗೆ ಮೆಲ್ಲಗೆ ಎದೆಗಿಳಿಯಿತು.

ಮಾವನವರಿಗೆ ಸೂಪು ಬಡಿಸಿದರು. ಅತ್ತೆಯವರು ಎದುರಿಗೆ ನಿಂತೇ ಇದ್ದುದರಿಂದ ಅವರು ಬಟ್ಟಲು ಖಾಲಿ ಮಾಡಿದರು. ಆಮೇಲೆ ಜಗಲಿಗೆ ಹೋಗಿ ಕೂತು, ಸ್ವಲ್ಪ ಹೊತ್ತಿನ ಮೇಲೆ ಅಳಿಯನನ್ನು ಕರೆದರು. ಇನ್ನೇನು, ಬಾಯ್ತುಂಬ ಹೊಗಳಿಕೆ ಎಂದು ಅಳಿಯ ಅಂಗಿ ಸರಿಮಾಡಿಕೊಂಡು ಬಂದ.

"ಕೂತ್ಕೊಳ್ಳಿ," ಎಂದರು ಮಾವನವರು. ಇದೂ ಹೊಸ ಮಾತು. "ಬೆಳಿಗ್ಗೆ ನಾನು ನಿಮ್ಮ ಹೆಸರು ಹೇಳಿದ್ದು ಯಾಕೆ ಗೊತ್ತಾ?"

"ನಂಬಿಕೆ ಇಟ್ಟು, ಮಾವ."

"ಹೌದು, ನಂಬಿಕೆಯಿಂದ್ಲೇ. ನಿಮ್ಮ ಕೈಗೆ ಕೊಟ್ರೆ ಸಂಜೆ ಒಳಗೆ ಮಣ್ಣುಪಾಲಾಗತ್ತೆ ಅಂತ ನಂಬಿದ್ದೆ. ಒಂದು ವಾರ ಆ ಹಸಿರು ಕಡ್ಡಿ ಮುಖ ನೋಡೋದು ತಪ್ಪತ್ತೆ ಅಂತ ಆಸೆ ಇಟ್ಕೊಂಡಿದ್ದೆ."

ಮಾವನವರು ದನಿ ತಗ್ಗಿಸಿ, ಬೇಸರದಿಂದ, ಒಂದೊಂದನ್ನೇ ಹೇಳಿದರು. ಇಡೀ ಕಟ್ಟಡದಲ್ಲಿ ಅಡುಗೆಮನೆಯ ಗಂಧಗಾಳಿಯಿಲ್ಲದೆ ಸಲಹೆ ಕೊಡುವವರು ಇಬ್ಬರೇ. ಆ ಇಬ್ಬರನ್ನೇ ಆರಿಸಿ ಒಳಗೆ ಕಳಿಸಿದ್ದು. ಬಿಸಿಲಿಗೆ ಬಾಡಿತು, ಮಂಜಿಗೆ ಸತ್ತಿತು ಎಂದು ನೆಮ್ಮದಿಯಾಗಿ ಕೂತಿದ್ದಾಗ, ಅಳಿಯ ಅದನ್ನು ಐಸು ನೀರಿನಲ್ಲಿ ತಂದು ಕಣ್ಣೆದುರೇ ಬದುಕಿಸತೊಡಗಿದ್ದು. ಅದೇ ಹೊತ್ತಿಗೆ ಮೇಷ್ಟ್ರು ಇಳಿದುಬಂದು, ಹೂವಿನಂಗಡಿ ಮುಚ್ಚಿದೆ, ಬರಿಗೈಯಲ್ಲಿ ಹೇಗೆ ಹೋಗಲಿ ಎಂದು ಪೇಚಾಡಿದ್ದು. ಜಗ್ಗಿನಿಂದ ಎತ್ತಿ, ಪತ್ರಿಕೆಯ ಬಣ್ಣದ ಪುಟದಲ್ಲಿ ಸುತ್ತಿ, ಇದು ಹೊರದೇಶದ ಹೂವಿನ ಗಿಡ, ಇನ್ನೂ ಅರಳಬೇಕು ಎಂದು ಮೇಷ್ಟ್ರ ಕೈಗೆ ಕೊಟ್ಟವರು ಸಾಕ್ಷಾತ್ ಮಾವನವರೇ.

"ಆಮೇಲೆ ಎಷ್ಟು ಹಗುರಾಗಿ ನಿದ್ದೆ ಬಂದಿತ್ತು ಗೊತ್ತಾ? ಎದ್ದು ನೋಡಿದ್ರೆ ನೀವು ಅದನ್ನ ತೊಡೆ ಮೇಲಿಟ್ಕೊಂಡು ಕೂತಿದೀರಿ." ಮಾವನವರು ತಲೆಯಾಡಿಸಿದರು. "ಇಷ್ಟು ವರ್ಷದಲ್ಲಿ ಅಡುಗೆಮನೆ ವಿಷಯದಲ್ಲಿ ನೀವು ನ‌ನ್ನ ನಂಬಿಕೆ ಒಂದ್ಸಲಾನೂ ಸುಳ್ಳು ಮಾಡಿರಲಿಲ್ಲ."

ಅಳಿಯ ಬೆಳಗಿನಿಂದ ಹೊತ್ತು ತಿರುಗಿದ ಶಪಥ ಪುಸ್ಸೆಂದು ಗಾಳಿ ಬಿಟ್ಟಿತು. ಆದರೆ ವಿಚಿತ್ರವೆಂದರೆ, ಅದರ ಜೊತೆಗೇ ಇಷ್ಟು ವರ್ಷ ಮಾವನ ಎದುರು ಅವನನ್ನು ಹಿಂಡುತ್ತಿದ್ದ ಹೆದರಿಕೆಯೂ ಹೊರಟುಹೋಯಿತು. ಸೆಲರಿಗೆ ಹೆದರಿ ನೆರೆಯವರಿಗೆ ಸುಳ್ಳು ಹೇಳಿದ ಮನುಷ್ಯನಿಗೆ ಯಾರು ತಾನೇ ಹೆದರುತ್ತಾರೆ? ಅವನು ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡ.

"ಹೋಗ್ಲಿ ಬಿಡಿ ಮಾವ. ಫ್ರಿಜ್ಜಲ್ಲಿ ಇನ್ನೂ ಉಳಿದಿದೆ. ನಾಳೆ ನಾನೇ ಹೇಗಾದ್ರೂ ಹಾಳು ಮಾಡ್ತೀನಿ."

"ಬೇಡ ಬೇಡ," ಎಂದರು ಮಾವನವರು ಗಾಬರಿಯಿಂದ. "ನೀವು ಬೇಕಂತಲೇ ಹಾಳು ಮಾಡೋಕೆ ಹೋದ್ರೆ ಅದು ಬೇರುಬಿಟ್ಟು ಬೆಳೆದು ನಿಲ್ಲತ್ತೆ."

ಅಷ್ಟರಲ್ಲಿ ಹೆಂಡತಿ ಜಗಲಿಗೆ ಬಂದಳು. ಹಿಂದೆಯೇ ಅತ್ತೆಯವರು, ಎರಡು ಕೈಯಲ್ಲಿ ಎರಡು ಬಟ್ಟಲು. ಅವರು ಸನ್ನೆ ಮಾಡಿದರು, ಮಗಳು ಅರ್ಥ ಹೇಳಿದಳು. ಅಮ್ಮನಿಗೆ ಬಹಳ ಸಂತೋಷವಾಗಿದೆ. ಇಷ್ಟು ನುಣ್ಣಗೆ ಅವರಿಗೂ ಯಾವತ್ತೂ ಬಂದಿಲ್ಲ. ಇನ್ನು ಮುಂದೆ ಈ ಮನೆಯಲ್ಲಿ ಸೆಲರಿಯ ಕೆಲಸವೆಲ್ಲ ಅಳಿಯಂದಿರದೇ. ವಾರಕ್ಕೆ ಎರಡು ಕಟ್ಟು ತರಿಸಲು ಮೂಲೆಯಂಗಡಿಯವನಿಗೆ ಮಗಳಿಂದ ಈಗಷ್ಟೇ ಫೋನು ಮಾಡಿಸಿಯೂ ಆಗಿದೆ. ಅಂಗಡಿಯಲ್ಲಿ ದಿನವಿಡೀ ಕೂತೇ ಕೆಲಸ ಮಾಡುವ ಅಳಿಯಂದಿರಿಗೂ ಇದು ಒಳ್ಳೆಯದಂತೆ.

ಒಂದು ಬಟ್ಟಲು ಅಳಿಯನ ಕೈಗೆ ಬಂತು. ಮಿಕ್ಕಿದ್ದ ಇನ್ನೊಂದು ಮಾವನವರ ಕೈಗೆ.

ಬೆಳಗಿನಿಂದ ಸೆಲರಿಗಾಗಿ ಇಷ್ಟೆಲ್ಲ ಪಾಡುಪಟ್ಟಿದ್ದ ಅಳಿಯ ಅದನ್ನು ಬಾಯಿಗಿಟ್ಟದ್ದು ಆಗಲೇ ಮೊದಲು. ಬಿಸಿನೀರಿನಲ್ಲಿ ಹುಲ್ಲಿನ ಚಾಪೆ ನೆನೆಸಿ ಹಿಂಡಿದರೆ ಬರಬಹುದಾದ ರುಚಿ ನಾಲಿಗೆಯ ಮೇಲೆ ಮೆಲ್ಲಗೆ ಹರಡಿತು. ಅವನು ಮಾವನತ್ತ ನೋಡಿದ. ಮಾವನವರು ಅವನನ್ನೇ ನೋಡುತ್ತಿದ್ದರು. ಆ ಕಣ್ಣುಗಳಲ್ಲಿ, ಬಹಳ ಕಾಲ ಒಬ್ಬಂಟಿಯಾಗಿ ಜೈಲಿನಲ್ಲಿದ್ದವನ ಕೋಣೆಗೆ ಇನ್ನೊಬ್ಬ ಕೈದಿ ಬಂದಾಗಿನ ಸಮಾಧಾನವಿತ್ತು.

ಅತ್ತೆಯವರು ಹುಬ್ಬೇರಿಸಿ, ಹೇಗಿದೆ ಎಂದು ಸನ್ನೆಯಲ್ಲಿ ಕೇಳಿದರು.

"ಚೆನ್ನಾಗಿದೆ," ಎಂದರು ಮಾವ ಅಳಿಯ ಇಬ್ಬರೂ ಒಟ್ಟಿಗೆ.